ಮೂವತ್ತನಾಲ್ಕು ಯಾರೂ ಕೊಡುವುದಿಲ್ಲ

ಫೆಬ್ರವರಿ 10, ಸೋಮವಾರ

ಇದನ್ನು ಇಸ್ತ್ರಿ ಹಲಗೆಯ ಮೇಲೆ ಬರೆಯುತ್ತಿದ್ದೇನೆ. ನನ್ನ ಟೇಬಲ್ ಇವತ್ತು ಬೆಳಿಗ್ಗೆ ಕೈತಪ್ಪಿ ಹೋಯಿತು. ನಾದಿನಿ ಮಹಾರಾಣಿಯವರು ಒಂದು ಟ್ರಂಕು, ಎರಡು ಚೀಲ ಮತ್ತು ಒಂದು ಬಾಯ್ಲರಿನ ನಕ್ಷೆಯ ಸಮೇತ ದಯಮಾಡಿಸಿದ್ದಾರೆ. ನಕ್ಷೆ ಎಷ್ಟು ದೊಡ್ಡದೆಂದರೆ ಟೇಬಲ್ ಪೂರ್ತಿ ತುಂಬಿ ಎರಡು ಕಡೆಯೂ ಜೋತುಬಿದ್ದಿದೆ. ಮೊದಲೇ ಒಂದು ಕಾಲು ಕುಂಟುವ ಟೇಬಲ್ಲು. ನನಗೆ ಮನೆಯಲ್ಲಿ ನನ್ನದು ಅಂತ ಇದ್ದದ್ದು ಅದೊಂದೇ.

"ಪರೀಕ್ಷೆ ಮುಗಿಯೋವರೆಗೆ ಅಷ್ಟೇ, ಅತ್ತಿಗೆ," ಅಂದಳು.

ಇವರು ಪಕ್ಕದಲ್ಲೇ ನಿಂತು, "ಪಾಪ, ಪುಟ್ಟಿ ಇನ್ನೆಲ್ಲಿ ಕೂತು ಓದ್ಬೇಕು ಹೇಳು," ಅಂದರು. ಪುಟ್ಟಿಗೆ ನಲವತ್ತೊಂದು ವರ್ಷ.

ಆಸ್ಪತ್ರೆಗಳ ಹೊದಿಕೆ ಒಗೆಯುವ ದೊಡ್ಡ ಲಾಂಡ್ರಿಯೊಂದರ ಬಾಯ್ಲರ್ ಕೋಣೆಯಲ್ಲಿ ಅವಳು ಹೆಲ್ಪರ್. ಹೆಸರಿಗೆ ಹೆಲ್ಪರ್, ಆಪರೇಟರ್ ಬಿಟ್ಟುಹೋದ ಮೇಲೆ ಬಾಯ್ಲರ್ ನಡೆಸುವುದು ಅವಳೇ. ಈಗ ಹೊಸ ನಿಯಮ ಬಂದಿದೆ: ಮೇ ಒಂದರಿಂದ ಸರ್ಟಿಫಿಕೇಟ್ ಇರುವವರು ಕೋಣೆಯಲ್ಲಿ ಇಲ್ಲದೆ ಬಾಯ್ಲರ್ ಹೊತ್ತಿಸುವಂತಿಲ್ಲ. ಪಾಸಾದರೆ ಕೆಲಸ, ಇಲ್ಲವಾದರೆ ಬಾಗಿಲು ಅಂತ ಮಾಲೀಕ ಮುಖದ ಮೇಲೆ ಹೇಳಿದ್ದಾನಂತೆ. ಹೋದ ವರ್ಷ ಒಮ್ಮೆ ಬರೆದು ಫೇಲಾಗಿದ್ದಾಳೆ.

ಇದರಲ್ಲಿ ನನ್ನ ಗ್ರಹಚಾರ ಏನೆಂದರೆ, ಆ ಪರೀಕ್ಷೆ ನಡೆಸುವುದು ನಮ್ಮ ಮಂಡಳಿ. ಫಲಿತಾಂಶ ಹೊರಬೀಳುವುದು ನನ್ನ ಕೈಕೆಳಗಿನ ಯಂತ್ರದಿಂದ, ಮೇನ್‌ಫ್ರೇಮ್ ಅನ್ನುವ ಹಳೆಯ ದೊಡ್ಡ ಕಂಪ್ಯೂಟರಿನಿಂದ. ಹಾಗಾಗಿ ಇವತ್ತು ಕಚೇರಿಯಲ್ಲಿ ಸಹಿ ಹಾಕಬೇಕಾಯಿತು: ಸಂಬಂಧಿಯೊಬ್ಬರು ಪರೀಕ್ಷೆ ಬರೆಯುತ್ತಿದ್ದಾರೆ, ಅವರ ದಾಖಲೆಯನ್ನು ನಾನು ತೆರೆಯುವುದಿಲ್ಲ. ಸಾಹೇಬರು ಮೇಜಿನ ಮೇಲೆ ಬಂದಿಳಿದ ಚಹಾ ಕುಡಿಯುತ್ತಲೇ ಸಹಿ ಮಾಡಿ, "ಆಗಲಿ, ನೋಡೋಣ," ಅಂದರು. ಅವರು ಎಲ್ಲದಕ್ಕೂ ಅದನ್ನೇ ಅನ್ನುತ್ತಾರೆ. ಚಹಾಕ್ಕೂ ಎದ್ದು ಹೋದವರಲ್ಲ, ಚಹಾ ಅವರಿದ್ದಲ್ಲಿಗೇ ಬರುತ್ತದೆ.

ಸಹಿ ಬೇಕಾಗಿರಲಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಯಿಂದ ಒಂದು ಅಂಕಿ ಅತ್ತಿತ್ತ ಆಗಿಲ್ಲ.

ಫೆಬ್ರವರಿ 14, ಶುಕ್ರವಾರ

ಅವಳು ಜೋರಾಗಿ ಓದುತ್ತಾಳೆ. ಮನಸ್ಸಿನಲ್ಲಿ ಓದು ಅಂದರೆ, "ಕಿವಿಗೆ ಬಿದ್ರೇನೇ ನಂಗೆ ತಲೇಲಿ ಕೂರೋದು ಅತ್ತಿಗೆ," ಅನ್ನುತ್ತಾಳೆ. ಸೇಫ್ಟಿ ವಾಲ್ವು ಯಾವಾಗ ತೆರೆಯಬೇಕು, ನೀರಿನ ಮಟ್ಟ ಇಳಿದರೆ ಮೊದಲು ಏನು ಮಾಡಬೇಕು, ಬೆಂಕಿ ಯಾವಾಗ ಆರಿಸಬೇಕು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ನಾನು ಹೇಳುತ್ತೇನೆ. ನನ್ನನ್ನೇ ಪರೀಕ್ಷೆಗೆ ಕಳಿಸಬಹುದು.

ಊಟಕ್ಕೆ ಕೂತರೂ ಬಾಯ್ಲರಿನದೇ ಮಾತು. ಮುಂಚೆ ಇದ್ದ ಆಪರೇಟರ್ ಉಗಿಯ ಒತ್ತಡ ತೋರಿಸುವ ಗೇಜಿನ ಮುಳ್ಳು ತನಗೆ ಬೇಕಾದ ಕಡೆ ಬರುವವರೆಗೆ ಗಾಜಿನ ಮೇಲೆ ಬೆರಳಿಂದ ತಟ್ಟುತ್ತಿದ್ದನಂತೆ.

"ಅದಕ್ಕೇ ಅವನಿಗೂ ನಂಗೂ ಜಗಳ ಆಗಿದ್ದು. ತಟ್ಟಿದ್ರೆ ಮುಳ್ಳು ಅಲ್ಲಾಡುತ್ತೆ ಅತ್ತಿಗೆ, ಒಳಗಿರೋ ಉಗಿ ಅಲ್ಲಾಡುತ್ತಾ?"

"ಮೊದ್ಲು ಊಟ ಮಾಡು, ಆರಿ ಹೋಗ್ತಿದೆ," ಅಂದೆ.

ಫೆಬ್ರವರಿ 22, ಶನಿವಾರ

ಪರೀಕ್ಷೆ ಮುಗಿಯಿತು. ಮೂರು ಪೇಪರು. ಎರಡನೆಯದು ಕಷ್ಟ ಇತ್ತಂತೆ. ನಕ್ಷೆ ಮಡಚುವ ಲಕ್ಷಣ ಕಾಣುತ್ತಿಲ್ಲ. "ರಿಸಲ್ಟ್ ನೋಡ್ಕೊಂಡೇ ಹೋಗ್ತೀನಿ, ಇಲ್ಲಿಂದ ಲಾಂಡ್ರಿಗೆ ಒಂದೇ ಬಸ್ಸು," ಅಂದಳು. ಹಾಲ್ ಟಿಕೆಟ್ಟನ್ನು ಟೇಬಲ್ ಎದುರಿನ ಗೋಡೆಗೆ ಅಂಟಿಸಿದ್ದು ಹಾಗೇ ಇದೆ. ಹೋಗುವಾಗ ಬರುವಾಗ ಕಣ್ಣಿಗೆ ಬಿದ್ದು ಅವಳ ನಂಬರ್ ನನಗೆ ಬಾಯಿಪಾಠ ಆಗಿದೆ.

ಇವರು ಮಂಚದ ತುಂಬ ತಮ್ಮ ಶಾಲೆಯ ಗಣಿತದ ಪೇಪರ್ ಹರಡಿಕೊಂಡು ತಿದ್ದುತ್ತಿದ್ದರು. ಪುಟ್ಟಿ ಇಣುಕಿ ನೋಡಿ, "ಅಣ್ಣ, ಮೂವತ್ತನಾಲ್ಕು ಹೊಡೆದುಹಾಕಿ ಮೂವತ್ತೈದು ಮಾಡಿದೀಯ. ಕಳ್ಳ!" ಅಂದಳು.

"ಮೂವತ್ತೈದಕ್ಕೆ ಪಾಸು ಅಂದ್ಮೇಲೆ ಮೂವತ್ತನಾಲ್ಕು ಯಾರೂ ಕೊಡಲ್ಲ ಕಣೇ," ಅಂದರು ಇವರು. "ಮನಸ್ಸಿದ್ರೆ ಎಲ್ಲೋ ಒಂದು ಹುಡುಕಿ ಹಾಕ್ತೀವಿ. ಇಲ್ದಿದ್ರೆ ಒಂದು ಕಿತ್ಕೊಂಡು ಮೂವತ್ಮೂರು ಮಾಡ್ತೀವಿ. ಮೂವತ್ತನಾಲ್ಕು ಅಂದ್ರೆ ಬೇಕೂಂತ ಕೆಣಕಿದ ಹಾಗೆ."

ಮೇಷ್ಟ್ರುಗಳ ಲೆಕ್ಕ ಇಷ್ಟೇ. ನನ್ನ ಯಂತ್ರ ಹಾಗೆಲ್ಲ ಮುಖ ನೋಡಿ ಮಣೆ ಹಾಕುವುದಿಲ್ಲ.

ಮಾರ್ಚ್ 11, ಮಂಗಳವಾರ

ಅಂಕಗಳ ಕಡತ ಸಿದ್ಧವಾಗಿದೆ. ನಾಳೆಯೇ ಮುದ್ರಣಕ್ಕೆ ಕಳಿಸಬಹುದಿತ್ತು. ಅಷ್ಟರಲ್ಲಿ ಮುದ್ರಣದವನ ಫೋನು.

"ಮೇಡಂ, ನಿಮ್ಮ ಮಾದರಿ ಫೈಲಲ್ಲಿ ವಿಳಾಸದ ಮಧ್ಯೆ ನಕ್ಷತ್ರದ ಚಿಹ್ನೆ ಇದೆ. ನಮ್ಮ ಹೊಸ ಮೆಷಿನ್ನು ನಕ್ಷತ್ರ ಕಂಡ್ರೆ ಹೊಸ ಪುಟಕ್ಕೆ ಹಾರುತ್ತೆ. ಎಲ್ಲಾ ನಕ್ಷತ್ರ ತೆಗೆದು ಪ್ಲಸ್ ಹಾಕಿ ಕೊಡಿ."

ಯಾವ ಕಾಲದಲ್ಲೋ ಯಾರೋ ಟೈಪಿಸ್ಟ್ ವಿಳಾಸದ ಸಾಲು ಮುಗಿದಲ್ಲೆಲ್ಲ ನಕ್ಷತ್ರ ಹಾಕುವ ಅಭ್ಯಾಸ ಮಾಡಿಟ್ಟು ಹೋಗಿದ್ದಾಳೆ. ಆಕೆ ಎಲ್ಲಿದ್ದರೂ ಸುಖವಾಗಿರಲಿ, ಅನುಭವಿಸುವವಳು ನಾನಿದ್ದೇನೆ. ನಿಮ್ಮ ಮೆಷಿನ್ನಿಗೇ ಬುದ್ಧಿ ಹೇಳಿ ಅಂದೆ. ಅದು ಕೇಳುವುದಿಲ್ಲವಂತೆ. ಸಾಹೇಬರಿಗೆ ಹೇಳಿದರೆ, "ಆಗಲಿ, ನೋಡೋಣ. ಹಾಕಿಕೊಟ್ಬಿಡಿ," ಅಂದರು.

ಮಾರ್ಚ್ 12, ಬುಧವಾರ

ಇದಕ್ಕೆಂದು ಪ್ರೋಗ್ರಾಂ ಬರೆಯುವ ಅಗತ್ಯವಿಲ್ಲ. ಯಂತ್ರದಲ್ಲಿ ಸಾರ್ಟ್ ಅಂತ ಒಂದು ಸೌಲಭ್ಯ ಇದೆ. ಹೆಸರಿಗೆ ದಾಖಲೆಗಳನ್ನು ಅನುಕ್ರಮವಾಗಿ ಜೋಡಿಸುವ ಕೆಲಸದ್ದು, ಆದರೆ ಮೈಬಗ್ಗಿಸಿ ದುಡಿಯುತ್ತದೆ. ಇಂಥ ಅಕ್ಷರ ಹುಡುಕು, ಇಂಥದ್ದು ಹಾಕು, ಇಷ್ಟನೇ ಮನೆಯಿಂದ ಇಷ್ಟನೇ ಮನೆಯವರೆಗೆ (ಮನೆ ಅಂದರೆ ಒಂದು ಅಕ್ಷರ ಕೂರುವ ಜಾಗ) ಅಂತ ಎರಡು ಸಾಲು ಬರೆದುಕೊಟ್ಟರೆ ಇಡೀ ಕಡತ ಜಾಲಾಡಿ ಬದಲಾಯಿಸಿಕೊಡುತ್ತದೆ. ಮೊದಲ ಸಲ ಸಾಲನ್ನು ಅಂಚಿಗೆ ಒತ್ತಿ ಶುರುಮಾಡಿದ್ದೆನೆಂದು ಮುನಿಸಿಕೊಂಡು ತಿರುಗಿ ಕಳಿಸಿತು. ಒಂದು ಅಕ್ಷರದ ಜಾಗ ಬಿಟ್ಟು ಮತ್ತೆ ಕೊಟ್ಟೆ. ನಡೆಯಿತು.

ವಿಳಾಸದ ಜಾಗಕ್ಕೆ ಮಾತ್ರ ಮಿತಿ ಹಾಕಿ ಓಡಿಸಿ, ಮುದ್ರಣದವನಿಗೆ ಕಳಿಸಿ ಕೈತೊಳೆದುಕೊಂಡೆ. ನಾಲ್ಕು ಗಂಟೆಗೆ ಫೋನು. "ಮೇಡಂ, ಪರೀಕ್ಷಾ ಕೇಂದ್ರದ ಹೆಸರಲ್ಲೂ ನಕ್ಷತ್ರ ಇದೆ."

ಮಾರ್ಚ್ 13, ಗುರುವಾರ

ಕೇಂದ್ರದ ಹೆಸರಿನ ಜಾಗವನ್ನೂ ಸೇರಿಸಿದೆ. ಮತ್ತೆ ಫೋನು. "ಮೇಡಂ, ಷರಾದ ಕಾಲಂನಲ್ಲೂ ಇದೆ." ಅದನ್ನೂ ಸೇರಿಸಿದೆ. ಸಂಜೆ ಹೊರಡಲು ಚೀಲ ಹೆಗಲಿಗೆ ಹಾಕಿದ್ದೇನೆ, ಮತ್ತೆ ಅವನೇ. "ಮೇಡಂ, ತಂದೆಯ ಹೆಸರಲ್ಲಿ..."

"ಎಲ್ಲಾ ಒಟ್ಟಿಗೆ ನೋಡಿ ಒಂದೇ ಸಲ ಹೇಳೋಕೆ ಏನು ರೋಗ ನಿಮ್ಗೆ?"

"ಪುಟ ಹಾರಿದ ಮೇಲೇ ಗೊತ್ತಾಗೋದು ಮೇಡಂ."

ಮನೆಗೆ ಬಂದರೆ ಮಹಾರಾಣಿಯವರು ನಕ್ಷೆ ಬದಿಗೆ ಸರಿಸಿ ಟೇಬಲ್ ಮೇಲೆ ಕುದಿಯುವ ಕೆಟಲ್ ಇಟ್ಟಿದ್ದಾರೆ, ಮರದ ಮೇಲೆ ಬೆಳ್ಳಗೆ ಒಂದು ಬಳೆ ಮೂಡಿದೆ. ನನ್ನ ಟೇಬಲ್! ಬಾಯಿಗೆ ಬಂದಂತೆ ಅಂದೆ. ಉಗಿಯ ಜೊತೆ ಹನ್ನೊಂದು ವರ್ಷ ಕಳೆದವಳಿಗೆ ಬಿಸಿ ಪಾತ್ರೆ ಎಲ್ಲಿಡಬೇಕು ಅಂತ ಗೊತ್ತಿಲ್ಲವೇ ಅಂದೆ. ಅವಳು ಒದ್ದೆ ಬಟ್ಟೆ ತಂದು ಉಜ್ಜಿದಳು. ಉಜ್ಜಿದಷ್ಟೂ ಬಳೆ ಎದ್ದು ಕಂಡಿತು.

ಮಾರ್ಚ್ 14, ಶುಕ್ರವಾರ

ಮುಗಿಯಿತು! ಇವತ್ತು ಮಿತಿಗಿತಿ ಎಲ್ಲ ಕಿತ್ತುಹಾಕಿದೆ. ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದರೆ ತಾನೇ ಇನ್ನೊಂದು ಕಡೆ ಇದೆ ಅನ್ನುವುದು? ದಾಖಲೆಯ ಮೊದಲ ಮನೆಯಿಂದ ಕೊನೆಯ ಮನೆಯವರೆಗೆ, ನಕ್ಷತ್ರ ಎಲ್ಲೇ ಅಡಗಿರಲಿ, ಹುಡುಕಿ ಪ್ಲಸ್ ಹಾಕು ಅಂತ ಒಂದೇ ಸಾಲು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಒಳಹೋದ ದಾಖಲೆ ಎಷ್ಟೋ ಹೊರಬಂದದ್ದೂ ಅಷ್ಟೇ. ಯಂತ್ರ ಕೊನೆಗೆ ಕೊಡುವ ಸಂಕೇತ ಸೊನ್ನೆ, ಅಂದರೆ ಒಂದೂ ತಪ್ಪಿಲ್ಲ. ಇಡೀ ಕಡತದಲ್ಲಿ ನಕ್ಷತ್ರದ ಸುಳಿವಿಲ್ಲ. ಅದೇ ಕಡತದ ಮೇಲೆ ಫಲಿತಾಂಶದ ಪ್ರೋಗ್ರಾಂ ಓಡಿಸಿ ಮುದ್ರಣಕ್ಕೆ ಕೊಟ್ಟೆ.

ಫೋನ್ ಬರಲಿಲ್ಲ. ಎಷ್ಟು ಹಾಯೆನಿಸಿತು ಅಂದರೆ ಬರುವಾಗ ಟೇಬಲ್ಲಿಗೆ ಹಾಕಲು ಒಂದು ಪ್ಲಾಸ್ಟಿಕ್ ಹಾಸು ಕೊಂಡುತಂದೆ. ಬಳೆಯ ಗುರುತು ಕಾಣಬಾರದಲ್ಲ, ಅದಕ್ಕೆ.

ಏಪ್ರಿಲ್ 2, ಬುಧವಾರ

ಫಲಿತಾಂಶ ಬಂತು. ಮೊದಲ ಪೇಪರ್ ಐವತ್ತೆರಡು, ಮೂರನೆಯದು ಅರವತ್ತೊಂದು, ಎರಡನೆಯದು ಮೂವತ್ತನಾಲ್ಕು. ಫೇಲು.

ಒಂದೇ ಒಂದು ಅಂಕ. ಸಮಾಧಾನ ಹೇಳಬೇಕಾದವಳು ನಾನು ಏನಂದೆ ಅಂದರೆ, "ಬಾಯಲ್ಲಿ ಓದೋದು ಬಿಟ್ಟು ಒಂದು ದಿನ ತಲೇಲಿ ಓದಿದ್ರೆ ಆ ಒಂದು ಅಂಕ ಬರ್ತಿತ್ತು."

ಇವರು ನನ್ನನ್ನು ನೋಡಿದ ರೀತಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ನಿಜ ಹೇಳಿದರೆ ಎಲ್ಲರಿಗೂ ಕಹಿಯೇ.

ಅವಳು ನಕ್ಷೆಯನ್ನು ಮೊದಲು ಎರಡಾಗಿ, ಆಮೇಲೆ ನಾಲ್ಕಾಗಿ, ಹಳೆಯ ಮಡಿಕೆಗಳ ಮೇಲೇ ಮಡಚಿ ಟ್ರಂಕಿಗೆ ಹಾಕಿದಳು.

ಏಪ್ರಿಲ್ 3, ಗುರುವಾರ

ಟೇಬಲ್ ಖಾಲಿ ಇದೆ. ಕೂತೆ. ಅಲ್ಲಾಡುತ್ತದೆ, ಬರೆಯಲಾಗುತ್ತಿಲ್ಲ.

ಏಪ್ರಿಲ್ 5, ಶನಿವಾರ

ಲಾಂಡ್ರಿಯಲ್ಲಿ ಇವಳ ಜೊತೆ ಇನ್ನೊಬ್ಬ ಹೆಲ್ಪರ್ ಇದ್ದಾನೆ. ಎಲ್ಲರೂ ಅವನನ್ನು ಕುಳ್ಳ ಅನ್ನುತ್ತಾರೆ. ಕೆಲಸ ಕಲಿಸಿದವಳು ಇವಳೇ. ಅವನೂ ಫೇಲಂತೆ. ಮಾಲೀಕ ಇಬ್ಬರಿಗೂ ತಿಂಗಳ ಕೊನೆಗೆ ಲೆಕ್ಕ ಚುಕ್ತಾ ಅಂದಿದ್ದಾನೆ.

"ಅವನಿಗೂ ಮೂವತ್ತನಾಲ್ಕೇ ಅತ್ತಿಗೆ, ಮೂರನೇ ಪೇಪರಲ್ಲಿ," ಅಂದಳು. "ನಮ್ಮ ಜೊತೆ ಬರೆದ ಕಾರ್ಖಾನೆಯವರು ಇಬ್ರು ಸಿಕ್ಕಿದ್ರು. ಅವರಿಗೂ ಒಂದೊಂದ್ರಲ್ಲಿ ಅಷ್ಟೇ. ಎಲ್ಲರ ಹಣೇಲೂ ಒಂದೇ ನಂಬರ್ ಬರೆದಿಟ್ಟ ಹಾಗೆ."

ಇವರು ಪತ್ರಿಕೆಯಿಂದ ತಲೆ ಎತ್ತಿದರು. "ನಾಲ್ಕು ಜನಕ್ಕೂ ಮೂವತ್ತನಾಲ್ಕಾ? ಸಾಧ್ಯವೇ ಇಲ್ಲ. ನಾನು ಹೇಳಿರ್ಲಿಲ್ವಾ, ಮೂವತ್ತನಾಲ್ಕು ಯಾರೂ ಕೊಡಲ್ಲ. ನಿಮ್ಮ ಯಂತ್ರನೇ ಏನೋ ಮಾಡಿದೆ."

"ನನ್ನ ಯಂತ್ರ ನಿಮ್ಮ ಹಾಗೆ ಅಂಕ ಹಂಚಲ್ಲ," ಅಂದೆ. ತಟ್ಟೆ ಎತ್ತಿಕೊಂಡು ಎದ್ದೆ. ತೊಳೆದ ತಟ್ಟೆಯನ್ನೇ ಮತ್ತೆ ತೊಳೆದೆ.

ಏಪ್ರಿಲ್ 7, ಸೋಮವಾರ

ಹೇಗೆ ಬರೆಯಲಿ?

ಬೆಳಿಗ್ಗೆ ಇವರ ಬಾಯಿ ಮುಚ್ಚಿಸೋಣ ಅಂತಲೇ ಶುರುಮಾಡಿದೆ. ಯಾರ ದಾಖಲೆಯನ್ನೂ ತೆರೆಯದೆ, ಯಾವ ಅಂಕ ಎಷ್ಟು ಜನಕ್ಕೆ ಬಂದಿದೆ ಅಂತ ಎಣಿಸಲು ಯಂತ್ರಕ್ಕೆ ಹೇಳಿದೆ. ಮೂವತ್ತನಾಲ್ಕು ಇನ್ನೂರಕ್ಕೂ ಮೇಲೆ. ಮೂವತ್ತೈದು ಸೊನ್ನೆ. ನಲವತ್ತೈದು ಸೊನ್ನೆ. ಐವತ್ತೈದು, ಅರವತ್ತೈದು, ಎಪ್ಪತ್ತೈದು ಎಲ್ಲ ಸೊನ್ನೆ. ಸಾವಿರಾರು ಜನ ಬರೆದ ಪರೀಕ್ಷೆಯಲ್ಲಿ ಐದರಿಂದ ಮುಗಿಯುವ ಅಂಕ ಒಬ್ಬರಿಗೂ ಬಂದಿಲ್ಲ.

ಕೂತಲ್ಲೇ ಗೊತ್ತಾಗಿಹೋಯಿತು.

ಮೇನ್‌ಫ್ರೇಮ್ ಜಾಗ ಉಳಿಸುವುದಕ್ಕೆ ಅಂಕಿಗಳನ್ನು ಒತ್ತಿ ಇಡುತ್ತದೆ, ಒಂದು ಮನೆಗೆ ಎರಡು ಅಂಕಿ. ಕೊನೆಯ ಮನೆಯಲ್ಲಿ ಮಾತ್ರ ಒಂದು ಅಂಕಿ, ಅದರ ಜೊತೆ ಇದು ಧನ ಸಂಖ್ಯೆ ಅನ್ನುವ ಗುರುತು. ಹಾಗೆ ಗುರುತಿನ ಜೊತೆ ಒತ್ತಿಟ್ಟ ಐದು ಯಂತ್ರದ ಕಣ್ಣಿಗೆ ನಕ್ಷತ್ರದ ಹಾಗೇ ಕಾಣುತ್ತದೆ. ಎರಡಕ್ಕೂ ಒಳಗೆ ಒಂದೇ ರೂಪ. ವಿಳಾಸದ ಜಾಗದಲ್ಲಿದ್ದರೆ ಅದು ನಕ್ಷತ್ರ, ಅಂಕದ ಜಾಗದಲ್ಲಿದ್ದರೆ ಐದು. ಎಲ್ಲಿಂದ ಎಲ್ಲಿಯವರೆಗೆ ಅಂತ ಹೇಳಬೇಕಾದವಳು ನಾನು. ಹೇಳಲಿಲ್ಲ. ಸಾರ್ಟ್ ಪಾಪ, ಹೇಳಿದ್ದನ್ನು ಹೇಳಿದ ಹಾಗೆ ಮಾಡಿದೆ, ಐದು ಇದ್ದಲ್ಲೆಲ್ಲ ಪ್ಲಸ್ ಹಾಕಿದೆ. ಅಂಕದ ಜಾಗದಲ್ಲಿ ಪ್ಲಸ್ ಏನಾಗಿ ಕಾಣುತ್ತದೆ ಗೊತ್ತೇ? ನಾಲ್ಕು. ಬೇರೆ ಯಾವುದೋ ಚಿಹ್ನೆಯಾಗಿದ್ದರೆ ಫಲಿತಾಂಶದ ಪ್ರೋಗ್ರಾಂ ಅಲ್ಲೇ ಮುಗ್ಗರಿಸಿ ನಿಂತು ನನ್ನನ್ನು ಎಚ್ಚರಿಸುತ್ತಿತ್ತು. ನಾಲ್ಕು ಅಂದಮೇಲೆ ಅದಕ್ಕೆ ಯಾವ ಅನುಮಾನ? ತಣ್ಣಗೆ ಓದಿಕೊಂಡು ಹೋಗಿದೆ.

ಹೊಸಬರಿಗೆ ಮೊದಲ ದಿನ ನಾನೇ ಹೇಳಿಕೊಡುವ ಪಾಠ ಇದು. ಇಡೀ ದಾಖಲೆಯ ಮೇಲೆ ಹುಡುಕಿ-ಬದಲಿಸಿ ಓಡಿಸಬೇಡಿ, ಒತ್ತಿಟ್ಟ ಅಂಕಿ ಕೆಡುತ್ತವೆ ಅಂತ. ಒಬ್ಬ ಮುದ್ರಣದವನ ಫೋನಿಗೆ, ಟೇಬಲ್ ಮೇಲಿನ ಒಂದು ಬಳೆಗೆ ತಲೆಕೆಟ್ಟು ಅದನ್ನೇ ಮಾಡಿದೆ. ಮೊದಲಿನ ಅಂಕಗಳ ಮೊತ್ತಕ್ಕೂ ಆಮೇಲಿನ ಮೊತ್ತಕ್ಕೂ ತಾಳೆ ಹಾಕಿದ್ದರೆ ಆ ದಿನವೇ ಸಿಕ್ಕಿಬೀಳುತ್ತಿತ್ತು. ದಾಖಲೆ ಎಣಿಸಿ ಬೆನ್ನು ತಟ್ಟಿಕೊಂಡೆ.

ಇನ್ನೂರು ಚಿಲ್ಲರೆ ಜನ ನನ್ನಿಂದ ಫೇಲಾಗಿ ಮನೆಯಲ್ಲಿ ಕೂತಿದ್ದಾರೆ. ಅವರಲ್ಲೊಬ್ಬಳು ನಮ್ಮ ಮನೆಯಲ್ಲೇ ಇದ್ದಾಳೆ. ತಲೇಲಿ ಓದು ಅಂದೆ ಅವಳಿಗೆ.

ಏಪ್ರಿಲ್ 8, ಮಂಗಳವಾರ

ಸಾಹೇಬರಿಗೆ ಎಲ್ಲ ಹೇಳಿದೆ. ಅವರ ಚಹಾ ಆರಿಹೋಯಿತು.

"ಹೊರಗೆ ಯಾರಿಗಾದ್ರೂ ಗೊತ್ತಾ?" ಅಂದರು.

"ಇಲ್ಲ."

"ಅಲ್ರೀ, ನಿಮ್ಮ ನಾದಿನಿ ಇದೇ ಪರೀಕ್ಷೇಲಿ ಫೇಲಾಗಿದಾರೆ. ಈಗ ನೀವೇ ಬಂದು ಫಲಿತಾಂಶ ತಪ್ಪು ಅಂತೀರಿ. ಜನ ಏನಂತಾರೆ?"

"ಏನಾದ್ರೂ ಅನ್ನಲಿ. ನಕ್ಷತ್ರ ಬದಲಾಯಿಸೋಕೆ ಮುಂಚಿನ ಕಡತದ ಟೇಪು ಬೀರುವಿನಲ್ಲಿದೆ. ನೀವು ಪಕ್ಕದಲ್ಲಿ ಕೂತಿರಿ, ಎಲ್ಲಾ ಮತ್ತೆ ಓಡಿಸ್ತೀನಿ."

"ತಪ್ಪು ಯಾರದು ಅಂತ ಬರೀಬೇಕಾಗುತ್ತೆ."

"ನನ್ನದು ಅಂತಲೇ ಬರೀರಿ ಸಾರ್."

ಅವರು ಮೊದಲ ಸಲ "ಆಗಲಿ, ನೋಡೋಣ" ಅನ್ನಲಿಲ್ಲ. ಕಾಗದ ತೆಗೆದರು. ನನ್ನ ಸೇವಾ ಕಡತಕ್ಕೆ ಮೊದಲ ಕೆಂಪು ಗೆರೆ ಬಿತ್ತು. ಅವರು ಬರೆಯುವಾಗ ನನಗೆ ಅವಮಾನ ಆಗಿತ್ತು. ಅದಕ್ಕಿಂತ ಹೆಚ್ಚಾಗಿ, ಸುಳ್ಳೇಕೆ, ಸಂಭ್ರಮ ಇತ್ತು. ಸಂಜೆ ಬಸ್ಸಿನಲ್ಲಿ ಕೂರಲಾಗದೆ ನಿಂತೇ ಬಂದೆ.

"ಪುಟ್ಟಿ, ನೀನು ಪಾಸು," ಅಂದೆ ಬಾಗಿಲಲ್ಲೇ.

ಎಲ್ಲ ವಿವರಿಸಿದೆ. ಅರ್ಧ ಅರ್ಥವಾಯಿತೋ ಇಲ್ಲವೋ. "ನೀವು ನನ್ನ ನಂಬರ್ ನೋಡಿದ್ರಾ ಅತ್ತಿಗೆ?" ಅಂದಳು.

"ನೋಡೋ ಹಾಗಿಲ್ಲ, ಸಹಿ ಹಾಕಿದೀನಿ. ನೋಡೋದೇನು ಬಂತು? ನಿಮ್ಮಣ್ಣನೇ ಹೇಳಿಲ್ವಾ, ಮೂವತ್ತನಾಲ್ಕು ಯಾರೂ ಕೊಡಲ್ಲ. ನೂರಕ್ಕೆ ನೂರು ಪಾಸು."

ಇವರು ಎದೆಯುಬ್ಬಿಸಿ ಮನೆ ತುಂಬ ಓಡಾಡಿದರು. ಕಂಡುಹಿಡಿದವರು ಅವರೇ ಅನ್ನುವ ಹಾಗೆ. ಪುಟ್ಟಿ ನನ್ನ ಕೈಯಿಂದ ಚೀಲ ತೆಗೆದುಕೊಂಡು ಗೂಟಕ್ಕೆ ಹಾಕಿದಳು. ಎರಡು ತಿಂಗಳಿಂದ ಇಲ್ಲೇ ಇದ್ದಾಳೆ, ಒಮ್ಮೆಯೂ ಹಾಗೆ ಮಾಡಿರಲಿಲ್ಲ. ನಾನೂ ಕೊಟ್ಟಿರಲಿಲ್ಲ ಅನ್ನಿ.

ಏಪ್ರಿಲ್ 10, ಗುರುವಾರ

ಹಳೆಯ ಟೇಪ್ ಹಾಕಿ ಓಡಿಸಿದೆ. ಈ ಸಲ ಪ್ರತಿ ಜಾಗಕ್ಕೂ ಎಲ್ಲಿಂದ ಎಲ್ಲಿಯವರೆಗೆ ಅಂತ ಬರೆದು, ಅಂಕದ ಮನೆಗಳನ್ನು ಮುಟ್ಟದೆ. ಸಾಹೇಬರು ಕನ್ನಡಕ ಮೂಗಿಗಿಳಿಸಿ ಪಕ್ಕದಲ್ಲಿ ಕೂತಿದ್ದರು. ಮೊತ್ತ ತಾಳೆಯಾಯಿತು. ಐದುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದವು. ಮೂವತ್ತೈದು ಇನ್ನೂರರ ಮೇಲೆ.

"ಮೂವತ್ತನಾಲ್ಕು ಯಾರದಾದ್ರೂ ಉಳೀತಾ, ಅದನ್ನೂ ನೋಡಿಬಿಡಿ. ನಾನಿದೀನಲ್ಲ," ಅಂದರು ಸಾಹೇಬರು.

ಏಳು ಉಳಿದಿದ್ದವು. ಹೆಸರಿಲ್ಲ, ಬರೀ ನಂಬರು. ನಾಲ್ಕನೆಯ ಸಾಲಿನಲ್ಲಿದ್ದ ನಂಬರು ನಮ್ಮ ಮನೆಯ ಗೋಡೆಯ ಮೇಲಿನದು.

ಮತ್ತೆ ಮತ್ತೆ ಓದಿದೆ. ಹಳೆಯ ಟೇಪಿನಲ್ಲೂ ಮೂವತ್ತನಾಲ್ಕೇ. ನಕ್ಷತ್ರವೂ ಅಲ್ಲ, ಪ್ಲಸ್ಸೂ ಅಲ್ಲ, ನಾನು ಕೆಡಿಸಿದ್ದೂ ಅಲ್ಲ. ಯಾರೋ ಪುಣ್ಯಾತ್ಮ ಕೂತು, ತೂಗಿ, ಮೂವತ್ತನಾಲ್ಕು ಅಂತಲೇ ಕೊಟ್ಟಿದ್ದಾನೆ.

ನನ್ನ ಮುಖ ನೋಡಿ ಸಾಹೇಬರಿಗೆ ತಿಳಿದಿರಬೇಕು. ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದರು. ಆಮೇಲೆ ಎದ್ದರು.

"ನಾನು ಹೊರಗೆ ಹೋಗಿ ಚಹಾ ಕುಡಿದು ಬರ್ತೀನಿ. ಹೊತ್ತಾಗುತ್ತೆ. ನಿಮಗೆ ಏನಾದ್ರೂ ಕೆಲಸ ಉಳಿದಿದ್ರೆ ಮುಗಿಸ್ಕೊಳ್ಳಿ," ಅಂದರು. ನನ್ನ ಕಡೆ ನೋಡದೆ ಬಾಗಿಲೆಳೆದುಕೊಂಡು ಹೋದರು. ಚಹಾಕ್ಕೆ ಎದ್ದು ಹೋದ ಸಾಹೇಬರನ್ನು ನಾನು ಇವತ್ತೇ ಕಂಡದ್ದು.

ಕೂತೆ. ಒಂದು ಮನೆ, ಒಂದು ಅಂಕಿ. ನಾಲ್ಕಿದ್ದಲ್ಲಿ ಐದು ಒತ್ತಿದರಾಯಿತು. ಇನ್ನೂರು ಚಿಲ್ಲರೆ ಮೂವತ್ತನಾಲ್ಕುಗಳು ಮೂವತ್ತೈದಾಗುವ ದಿನ ಅದರ ಜೊತೆ ಇನ್ನೊಂದು ಆದರೆ ಕೇಳುವವರು ಯಾರು? ನನ್ನ ತಪ್ಪೇ ನನಗೆ ಮರೆಯಾಗಿ ನಿಂತಿತ್ತು. ಕರ್ಸರನ್ನು ಅಲ್ಲಿಗೇ ತಂದು ಇಟ್ಟಿದ್ದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ನೂರಕ್ಕೆ ನೂರು ಅಂತ ಮಾತು ಕೊಟ್ಟು ಬಂದಿದ್ದೇನೆ. ಮೇ ಒಂದಕ್ಕೆ ಇನ್ನೆಷ್ಟು ದಿನ ಇದೆ? ಅವಳಿಗೆ ಬಾಯ್ಲರ್ ಬಿಟ್ಟು ಬೇರೆ ಏನು ಗೊತ್ತು?

ಬೆರಳು ಐದರ ಮೇಲಿತ್ತು.

ಅಷ್ಟರಲ್ಲಿ ನೆನಪಾಯಿತು, ಆ ದರಿದ್ರ ಮುಳ್ಳಿನ ಕಥೆ. ತಟ್ಟಿದ್ರೆ ಮುಳ್ಳು ಅಲ್ಲಾಡುತ್ತೆ ಅತ್ತಿಗೆ. ಪುಟ್ಟಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಊಟದ ಹೊತ್ತಿನಲ್ಲಿ ಬಾಯಿಮುಚ್ಚಿಕೊಂಡು ಉಣ್ಣುವ ಬದಲು ಅದನ್ನು ನನಗೆ ಯಾಕೆ ಹೇಳಬೇಕಿತ್ತು?

ನಾನು ತಟ್ಟಲಿಲ್ಲ. ಕಡತ ಮುಚ್ಚಿದೆ. ಸಾಹೇಬರು ಬಂದಾಗ ಮುಖ ತೊಳೆದುಕೊಂಡು ಕೂತಿದ್ದೆ. "ಮುಗೀತಾ?" ಅಂದರು. "ಏನೂ ಉಳಿದಿರ್ಲಿಲ್ಲ ಸಾರ್," ಅಂದೆ.

ಏಪ್ರಿಲ್ 11, ಶುಕ್ರವಾರ

ನಿನ್ನೆ ಹೇಳಲು ಬಾಯಿ ಬರಲಿಲ್ಲ, ತಲೆನೋವು ಅಂತ ಮಲಗಿದೆ. ಇವತ್ತು ಬೆಳಿಗ್ಗೆ ಅವಳು ಕೆಲಸಕ್ಕೆ ಹೊರಡುವ ಮೊದಲು ಕೂರಿಸಿಕೊಂಡು ಹೇಳಿದೆ.

ಅವಳು ಸ್ವಲ್ಪ ಹೊತ್ತು ಚಪ್ಪಲಿಯ ಪಟ್ಟಿ ಬಿಗಿ ಮಾಡುತ್ತಾ ಇದ್ದಳು. ಆಮೇಲೆ, "ಕುಳ್ಳ?" ಅಂದಳು.

"ಅವನ ನಂಬರ್ ನಂಗೇನು ಗೊತ್ತು? ಆ ಏಳರಲ್ಲಿ ಇಲ್ದಿದ್ರೆ ಪಾಸು."

ಫೋನಿನಲ್ಲಿ ಅವನ ಹಾಲ್ ಟಿಕೆಟ್ಟಿನ ಚಿತ್ರ ತೆಗೆದು ನಂಬರ್ ತೋರಿಸಿದಳು. ನಿನ್ನೆ ಮತ್ತೆ ಮತ್ತೆ ಓದಿದ ಆ ಏಳು ನಂಬರಿನಲ್ಲಿ ಅದು ಇರಲಿಲ್ಲ. ಅವಳು ನಕ್ಕಳು, ನಿಜವಾಗಿ ನಕ್ಕಳು. "ಪಾಸಾದ್ನಾ ಕುಳ್ಳ! ವಾಲ್ವು ಯಾವ ಕಡೆ ತಿರುಗಿಸ್ಬೇಕು ಅಂತ ನಾನು ಕೈ ಹಿಡಿದು ಕಲಿಸಿದ್ದು ಅತ್ತಿಗೆ. ಕೋಣೇಲಿ ಒಂದು ಸರ್ಟಿಫಿಕೇಟ್ ಇದ್ರೆ ಸಾಕು, ಹೆಲ್ಪರ್ ಇಟ್ಕೋಬಹುದು. ಮಾಲೀಕನ ಕೈಲಿ ನಾನೇ ಮಾತಾಡ್ತೀನಿ. ಸೆಪ್ಟೆಂಬರ್ ಪರೀಕ್ಷೆ ತನಕ ಆ ಕುಳ್ಳನಿಗೆ ಸಾರ್ ಅನ್ಬೇಕು, ಅಷ್ಟೇ."

ನಗುತ್ತಲೇ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು, "ಎರಡನೇ ಪೇಪರಲ್ಲಿ ಪಂಪಿನ ಲೆಕ್ಕ ಬಿಟ್ಟಿದ್ದೆ. ಸರಿಯಾಗೇ ಕೊಟ್ಟಿದಾನೆ," ಅಂದಳು.

ಬಾಗಿಲ ತನಕ ಹೋಗಿ ತಿರುಗಿ ನಿಂತಳು. "ನಿಮ್ಮ ಕೈಲಿ ಬದಲಾಯಿಸೋಕೆ ಆಗ್ತಿತ್ತಾ?"

"ಆಗ್ತಿತ್ತು."

"ಯಾರಿಗೂ ಗೊತ್ತಾಗ್ತಿರ್ಲಿಲ್ವಾ?"

"ಇಲ್ಲ."

ಬೈಯುತ್ತಾಳೆ ಅಂತಲೇ ಕಾದೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. "ಬರ್ತೀನಿ ಅತ್ತಿಗೆ," ಅಂದು ಹೋದಳು. ಬಸ್ಸಿಗೆ ಹೊತ್ತಾಗಿತ್ತು.

ನಾನು ಅಡುಗೆಮನೆಯಲ್ಲಿ ನಿಂತು ಚೆನ್ನಾಗಿ ಅತ್ತೆ. ಇವರು ಬಂದು, "ಮೂವತ್ತನಾಲ್ಕು ಕೊಟ್ಟ ಆ ಮೇಷ್ಟ್ರು ಸಿಕ್ರೆ..." ಅಂತ ಶುರುಮಾಡಿದರು. "ಸಿಕ್ಕಿದ್ರೆ ನಮಸ್ಕಾರ ಮಾಡಿ ಬನ್ನಿ," ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ.

ಕಚೇರಿಗೆ ರಜೆ ಹಾಕಿ ಇಡೀ ದಿನ ಮನೆ ಒಪ್ಪ ಮಾಡಿದೆ. ಟೇಬಲ್ಲಿನ ಕುಂಟುಕಾಲಿಗೆ ರಟ್ಟು ಮಡಚಿ ಕೊಟ್ಟೆ. ಈಗ ಅಲ್ಲಾಡುವುದಿಲ್ಲ. ಇಷ್ಟು ವರ್ಷ ಯಾಕೆ ಮಾಡಿರಲಿಲ್ಲವೋ. ಪ್ಲಾಸ್ಟಿಕ್ ಹಾಸು ತೆಗೆದುಹಾಕಿದೆ, ಅದರ ಮೇಲೆ ಕಾಗದ ಜಾರುತ್ತದೆ. ಟ್ರಂಕಿನಿಂದ ನಕ್ಷೆ ತೆಗೆದು ಹರಡಿ, ಮಡಿಕೆ ಏಳದ ಹಾಗೆ ನಾಲ್ಕು ಕಡೆ ನಾಲ್ಕು ಲೋಟ ಇಟ್ಟೆ. ಪಂಪು ಎಲ್ಲಿದೆ ಅಂತ ಹುಡುಕುವುದಕ್ಕೇ ಸಾಕಷ್ಟು ಹೊತ್ತು ಹಿಡಿಯಿತು. ಲೆಕ್ಕ ಏನೂ ಅಂಥ ಕಷ್ಟವಿಲ್ಲ, ಪುಟ್ಟಿ ಬಂದಮೇಲೆ ಒಮ್ಮೆ ಕೂತು ನೋಡಬೇಕು.

ಅವಳು ಬಂದಳು, ಟೇಬಲ್ ನೋಡಿದಳು. ಕೈಕಾಲು ತೊಳೆದು ಬಂದು ಕೂತಳು. ಈಗ ಒಳಗಿನಿಂದ ಕೇಳುತ್ತಿದೆ: ನೀರಿನ ಮಟ್ಟ ಇಳಿದರೆ ಮೊದಲು ಏನು ಮಾಡಬೇಕು. ಒಂದು ಕಡೆ ತಪ್ಪು ಹೇಳಿದಳು, ಇಲ್ಲಿಂದಲೇ ಕೂಗಿ ತಿದ್ದಿದೆ.

ಇಸ್ತ್ರಿ ಹಲಗೆ ಬರೆಯುವುದಕ್ಕೆ ಅಷ್ಟೇನೂ ಕೆಟ್ಟದಲ್ಲ.